ಡ್ರೆಡ್‌ಲಾಕ್ಸ್‌ಗೆ ನೈಸರ್ಗಿಕ ಸೋಪು: ಪದೇ ಪದೇ ಕೇಳುವ ಪ್ರಶ್ನೆಗಳು

ಜಟೆ, ಅಂದರೆ ಡ್ರೆಡ್‌ಲಾಕ್ಸ್, ಬಿಟ್ಟವರೂ ಬಿಡಬೇಕು ಅಂದುಕೊಂಡವರೂ ಸೋಪಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವುದು ಒಂದೇ ಮಾತು. ಸೋಪು ಎಷ್ಟು ನೈಸರ್ಗಿಕ ಅನ್ನುವುದಕ್ಕಿಂತ, ಅದು ಜಟೆಯೊಳಗಿಂದ ಪೂರ್ತಿ ಹೊರಗೆ ಹೋಗುತ್ತದಾ ಅನ್ನುವುದು ಮುಖ್ಯ.

ಜಟೆಯನ್ನು ತೊಳೆಯಲೇಬೇಕಾ? ತೊಳೆದರೆ ಬಿಚ್ಚಿಕೊಳ್ಳುವುದಿಲ್ವಾ?

ತೊಳೆಯಲೇಬೇಕು. ಕೂದಲು ಕೊಳೆಯಾಗಿದ್ದರೆ ಜಟೆ ಬೇಗ ಕಟ್ಟುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಅದು ನಿಜವಲ್ಲ. ನೆತ್ತಿಯಿಂದ ಸದಾ ಜಿಡ್ಡು ಬರುತ್ತಿರುತ್ತದೆ. ಜಿಡ್ಡು ಮೆತ್ತಿದ ಕೂದಲು ಜಾರುತ್ತದೆ, ಜಾರುವ ಕೂದಲು ಸಿಕ್ಕು ಹಿಡಿಯುವುದಿಲ್ಲ. ಜಿಡ್ಡು ಹೋಗಿ ಚೆನ್ನಾಗಿ ಒಣಗಿದ ಕೂದಲು ಸ್ವಲ್ಪ ಒರಟಾಗಿರುತ್ತದೆ. ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುವುದು ಅಂಥ ಕೂದಲೇ.

ಹೊಸದಾಗಿ ಕಟ್ಟಿದ ಜಟೆಯ ಮಾತು ಸ್ವಲ್ಪ ಬೇರೆ. ಮೊದಲ ಒಂದೆರಡು ವಾರ ಕೂದಲು ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ, ಜೋರಾಗಿ ಉಜ್ಜಿದರೆ ಸಡಿಲವಾಗುತ್ತದೆ. ಹಾಗಂತ ತಿಂಗಳುಗಟ್ಟಲೆ ನೀರು ತಾಗಿಸದೆ ಇರಬೇಡಿ. ಜಟೆಯನ್ನು ಮುಟ್ಟದೆ ನೆತ್ತಿಯನ್ನು ಮಾತ್ರ ಮೆತ್ತಗೆ ತೊಳೆದರಾಯಿತು.

ಮಾಮೂಲಿ ಶಾಂಪೂ ಯಾಕೆ ಬೇಡ?

ಬಹಳಷ್ಟು ಶಾಂಪೂಗಳನ್ನು ಕೂದಲು ಸಿಕ್ಕಾಗಬಾರದು ಅಂತಲೇ ಮಾಡಿರುತ್ತಾರೆ. ಅವುಗಳಲ್ಲಿ ಸಿಲಿಕೋನ್, ಕಂಡೀಷನರ್, ನುಣುಪು ಕೊಡುವ ಬೇರೆ ಬೇರೆ ವಸ್ತುಗಳು ಇರುತ್ತವೆ. ಬಿಡಿ ಕೂದಲಿಗೆ ಅದು ವರ. ಜಟೆಗೆ ಅದೇ ತೊಂದರೆ. ಒಂದು, ಕೂದಲು ಜಾರುತ್ತದೆ. ಎರಡು, ಜಟೆಯ ಒಳಗೆ ಸೇರಿಕೊಂಡ ಇಂಥ ವಸ್ತು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಶಾಂಪೂ ಎಲ್ಲವೂ ಕೆಟ್ಟದ್ದು ಅಂತಲ್ಲ. ಕಂಡೀಷನರ್ ಇಲ್ಲದ, ನೋಡಿದರೆ ಆಚೆ ಕಾಣುವಷ್ಟು ತಿಳಿಯಾಗಿರುವ ಶಾಂಪೂ ಕೆಲವು ಸಲ ಸೋಪಿಗಿಂತ ಒಳ್ಳೆಯದು. ಯಾವಾಗ ಅನ್ನುವುದನ್ನು ನೀರಿನ ಪ್ರಶ್ನೆಯಲ್ಲಿ ಹೇಳಿದ್ದೇನೆ. ಆ ಉತ್ತರವನ್ನು ಓದದೆ ಸೋಪು ಕೊಳ್ಳಬೇಡಿ.

ನೈಸರ್ಗಿಕ ಸೋಪು ಅಂತ ಯಾವುದನ್ನು ಕರೆಯಬೇಕು?

ಎಣ್ಣೆಗೆ ಕ್ಷಾರ ಬೆರೆಸಿದಾಗ ಸೋಪು ಆಗುತ್ತದೆ. ಗಟ್ಟಿ ಸೋಪಿಗೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ದ್ರವ ಸೋಪಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. "ನಮ್ಮ ಸೋಪಿಗೆ ಕಾಸ್ಟಿಕ್ ಹಾಕಿಯೇ ಇಲ್ಲ" ಅಂತ ಯಾರಾದರೂ ಹೇಳಿದರೆ ಸಾಮಾನ್ಯವಾಗಿ ಎರಡೇ ಸಾಧ್ಯತೆ. ಬೇರೆಯವರು ಮಾಡಿದ ಸೋಪಿನ ಗಟ್ಟಿಯನ್ನು ತಂದು ಕರಗಿಸಿ ಅಚ್ಚಿಗೆ ಹೊಯ್ದಿರುತ್ತಾರೆ, ಇಲ್ಲವೇ ಅದು ಸೋಪೇ ಅಲ್ಲ. ಹೆದರಬೇಕಿಲ್ಲ. ಸರಿಯಾಗಿ ಅಳತೆ ಮಾಡಿ ತಯಾರಿಸಿದ ಸೋಪಿನಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ, ಅಷ್ಟೂ ಎಣ್ಣೆಯ ಜೊತೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿರುತ್ತದೆ.

"ನೈಸರ್ಗಿಕ" ಅನ್ನುವ ಪದವನ್ನು ಯಾರು ಬೇಕಾದರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಬಹುದು. ಹಾಗಾಗಿ ಮುಂಭಾಗವನ್ನು ಬಿಟ್ಟು ಹಿಂಭಾಗ ಓದಿ. ಸೋಡಿಯಂ ಆಲಿವೇಟ್ ಅಂತಿದ್ದರೆ ಆಲಿವ್ ಎಣ್ಣೆಯ ಸೋಪು, ಸೋಡಿಯಂ ಕೊಕೊಯೇಟ್ ಅಂತಿದ್ದರೆ ಕೊಬ್ಬರಿ ಎಣ್ಣೆಯದು, ಸೋಡಿಯಂ ಪಾಮೇಟ್ ತಾಳೆ ಎಣ್ಣೆಯದು, ಸೋಡಿಯಂ ಟ್ಯಾಲೋವೇಟ್ ಪ್ರಾಣಿಯ ಕೊಬ್ಬಿನದು. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಣ್ಣೆಗಳ ಹೆಸರು, ನೀರು, ಗ್ಲಿಸರಿನ್, ಇನ್ನೊಂದೆರಡು ಹೆಸರು. ಜಟೆಗೆ ಅಷ್ಟು ಸಾಕು.

ಯಾವ ಎಣ್ಣೆಯ ಸೋಪು ಜಟೆಗೆ ಹೊಂದುತ್ತದೆ?

ಕೊಬ್ಬರಿ ಎಣ್ಣೆಯ ಪಾಲು ಜಾಸ್ತಿ ಇರುವ ಸೋಪನ್ನು ಮೊದಲು ನೋಡಿ. ಅದು ಬೇಗ ಕರಗುತ್ತದೆ, ದಂಡಿಯಾಗಿ ನೊರೆ ಬರುತ್ತದೆ, ಜಿಡ್ಡನ್ನು ಬಲವಾಗಿ ಎಳೆಯುತ್ತದೆ, ಬೇಗ ಜಾಲಿಸಿಯೂ ಹೋಗುತ್ತದೆ. ಉಪ್ಪು ನೀರಿನಲ್ಲೂ ನೊರೆ ಕೊಡುವ ಸೋಪು ಅದು. ನೆತ್ತಿ ಮೊದಲೇ ಒಣಗಿರುವವರಿಗೆ ಬಿಗಿದಂತೆ ಆಗಬಹುದು. ಅಂಥವರಿಗೆ ಕೊಬ್ಬರಿ ಎಣ್ಣೆಯ ಜೊತೆ ಆಲಿವ್ ಎಣ್ಣೆ ಸೇರಿರುವ ಸೋಪು ಸರಿ.

ಬರೀ ಆಲಿವ್ ಎಣ್ಣೆಯ ಸೋಪು ಮೈಗೆ ಬಹಳ ಮೃದು. ಆದರೆ ನೊರೆ ಕಡಿಮೆ, ಲೋಳೆ ಜಾಸ್ತಿ. ದಪ್ಪ ಜಟೆಯೊಳಗೆ ಹೊಕ್ಕ ಆ ಲೋಳೆಯನ್ನು ತೆಗೆಯಲು ನೀರು ಬಹಳ ಬೇಕು. ಸಣ್ಣ ಜಟೆಯವರಿಗೆ, ಮೆದು ನೀರು (ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ ಇರುವ ನೀರು) ಇರುವವರಿಗೆ ಅದು ಸರಿಹೋಗುತ್ತದೆ.

ಸ್ವಲ್ಪ ಹರಳೆಣ್ಣೆ ಸೇರಿದ್ದರೆ ನೊರೆ ದಟ್ಟವಾಗಿ ನಿಲ್ಲುತ್ತದೆ. ಬೇವಿನ ಎಣ್ಣೆಯ ಸೋಪು ಕೆಲವರ ನೆತ್ತಿಗೆ ಹಿತ. ಆದರೆ ವಾಸನೆ ಕಟು, ಮತ್ತು ಜಟೆಯಲ್ಲಿ ವಾಸನೆ ಬಹಳ ಹೊತ್ತು ನಿಲ್ಲುತ್ತದೆ.

ಜೇನುಮೇಣ, ಶಿಯಾ ಬೆಣ್ಣೆ, ಕೋಕೋ ಬೆಣ್ಣೆ, ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ತುಂಬಾ ಇರುವ ಸೋಪು ಬೇಡ. ಇವುಗಳಲ್ಲಿ ಜೇನುಮೇಣದ ಬಗ್ಗೆ ಕಟ್ಟುನಿಟ್ಟಾಗಿರಿ. ಮೇಣ ಸುಮಾರು 62 ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಷ್ಟು ಬಿಸಿ ನೀರನ್ನು ತಲೆಗೆ ಹಾಕಲು ಆಗುವುದಿಲ್ಲ. ಅಂದಮೇಲೆ ಒಳಗೆ ಹೋದ ಮೇಣ ಅಲ್ಲೇ ಉಳಿಯುತ್ತದೆ, ದೂಳು ನಾರುಗಳನ್ನೆಲ್ಲ ಅಂಟಿಸಿಕೊಳ್ಳುತ್ತದೆ.

ಪಶ್ಚಿಮ ಆಫ್ರಿಕಾದ ಕಪ್ಪು ಸೋಪನ್ನು ಬಾಳೆ ಜಾತಿಯ ಸಿಪ್ಪೆ, ಕೋಕೋ ಕಾಯಿಯ ಸಿಪ್ಪೆಗಳನ್ನು ಸುಟ್ಟ ಬೂದಿಯ ಕ್ಷಾರದಿಂದ ಮಾಡುತ್ತಾರೆ. ಚೆನ್ನಾಗಿ ತೊಳೆಯುತ್ತದೆ. ಆದರೆ ಗಟ್ಟಿಯಲ್ಲೇ ಬೂದಿಯ ಸಣ್ಣ ಕಣಗಳು ಇರುವುದುಂಟು. ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಬಳಸಿ.

ಹೆಚ್ಚುವರಿ ಎಣ್ಣೆ ಬಿಟ್ಟಿರುವ ಸೋಪು ಕೂದಲಿಗೆ ಪೋಷಣೆ ಕೊಡುತ್ತದೆ ಅಂತಾರೆ. ನಿಜವಾ?

ಕೈಯಲ್ಲಿ ಸೋಪು ಮಾಡುವವರು ಮೈ ಸೋಪಿನಲ್ಲಿ ಸಾಮಾನ್ಯವಾಗಿ 5 ರಿಂದ 8 ಶೇಕಡಾ ಎಣ್ಣೆಯನ್ನು ಸೋಪಾಗದೆ ಉಳಿಯುವಂತೆ ಬಿಡುತ್ತಾರೆ. ಚರ್ಮ ಬಿಗಿಯದಿರಲಿ ಅಂತ. ಆ ಎಣ್ಣೆ ಜಟೆಗೆ ಬೇಡದ ಅತಿಥಿ. ಸೋಪು ಮಾಡುವವರ ಪರಿಚಯ ಇದ್ದರೆ ಕೇಳಿ: ಈ ಗಟ್ಟಿಯಲ್ಲಿ ಎಷ್ಟು ಎಣ್ಣೆ ಬಿಟ್ಟಿದ್ದೀರಿ? 2 ಅಥವಾ 3 ಶೇಕಡಾ ಅಂದರೆ ತೆಗೆದುಕೊಳ್ಳಿ. "ತುಂಬಾ ಮಾಯಿಶ್ಚರೈಸಿಂಗ್" ಅಂತ ಹೊಗಳಿದರೆ ಅದನ್ನು ಕೈಕಾಲಿಗೆ ಇಟ್ಟುಕೊಳ್ಳಿ. ಎಷ್ಟು ವಾರ ಒಣಗಿಸಿದ್ದು ಅಂತಲೂ ಕೇಳಿ. ನಾಲ್ಕರಿಂದ ಆರು ವಾರ ಗಾಳಿಗೆ ಬಿಟ್ಟ ಗಟ್ಟಿ ಚರ್ಮಕ್ಕೆ ಮೃದುವೂ ಆಗಿರುತ್ತದೆ, ಬೇಗ ಸವೆಯುವುದೂ ಇಲ್ಲ.

ನನ್ನ ಸೋಪು ಒಳ್ಳೆಯದೇ. ಆದರೂ ಜಟೆ ಅಂಟಂಟು, ಒಣಗಿದ ಮೇಲೆ ಬಿಳಿ ಪುಡಿ. ಯಾಕೆ?

ನೂರಕ್ಕೆ ತೊಂಬತ್ತು ಸಲ ನೀರೇ ಕಾರಣ ಅನ್ನಬೇಕು, ಅಷ್ಟು ಸಾಮಾನ್ಯ ಇದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸೋಪು ಅವುಗಳ ಜೊತೆ ಸೇರಿದ ಕೂಡಲೇ ನೀರಿನಲ್ಲಿ ಕರಗದ ಬಿಳಿ ಕಿಟ್ಟ ಆಗಿಬಿಡುತ್ತದೆ. ಬಕೆಟ್ಟಿನ ಒಳಗೋಡೆಗೆ ಉಂಗುರದ ಹಾಗೆ ಕಟ್ಟಿಕೊಳ್ಳುತ್ತದಲ್ಲ, ಅದೇ. ಬಿಡಿ ಕೂದಲಿನಲ್ಲಾದರೆ ಬಾಚಣಿಗೆ ಅದನ್ನು ಉದುರಿಸುತ್ತದೆ. ಜಟೆಗೆ ಬಾಚಣಿಗೆ ಇಲ್ಲ. ಪ್ರತಿ ಸಲ ತೊಳೆದಾಗ ಒಂದಿಷ್ಟು ಕಿಟ್ಟ ಒಳಗೆ ಸೇರುತ್ತದೆ, ಅಲ್ಲೇ ಉಳಿಯುತ್ತದೆ. ಹಳೆಯ ಜಟೆಯೊಂದರ ತುದಿಯನ್ನು ಕತ್ತರಿಸಿ ಅಡ್ಡಲಾಗಿ ನೋಡಿದರೆ ಕೆಲವು ಸಲ ನಡುವೆ ಬೂದು ಬಣ್ಣದ ಒಂದು ಚುಕ್ಕೆ ಕಾಣುತ್ತದೆ. ಉಗುರಿನಿಂದ ಕೆರೆದರೆ ಜಿಗುಟಾದ ಪುಡಿ ಬರುತ್ತದೆ. ಸೋಪಿನ ಕಿಟ್ಟ, ಜಿಡ್ಡು, ಬಟ್ಟೆಯ ನಾರು ಎಲ್ಲ ಕೂಡಿದ್ದು ಅದು.

ನೀರನ್ನು ಪರೀಕ್ಷಿಸುವುದು ಸುಲಭ. ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ನೀರು ಅಥವಾ ಶುದ್ಧ ಮಳೆ ನೀರು ಹಾಕಿ. ಎರಡಕ್ಕೂ ಒಂದೇ ಅಳತೆಯ ಸೋಪಿನ ಹೆರೆ ಹಾಕಿ ಚೆನ್ನಾಗಿ ಕುಲುಕಿ. ನಲ್ಲಿ ನೀರಿನ ನೊರೆ ಬೇಗ ಸತ್ತು, ಕೆಳಗಿನ ನೀರು ಮಬ್ಬಾಗಿ, ಬಿಳಿ ಚೂರುಗಳು ತೇಲಿದರೆ ನಿಮ್ಮ ನೀರು ಗಡಸು. ಲ್ಯಾಬಿನ ವರದಿ ಇದ್ದರೆ ಗಡಸುತನದ ಸಾಲನ್ನು ನೋಡಿ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು ನೀರು. 120 ದಾಟಿದರೆ ಗಡಸು. 180 ದಾಟಿದರೆ ಬಹಳ ಗಡಸು.

ಗಡಸು ನೀರೇ ನನಗೆ ಗತಿ. ಏನು ಮಾಡಲಿ?

ನೀರು ಬಹಳ ಗಡಸಾಗಿದ್ದರೆ ಸೋಪಿನ ಆಸೆ ಬಿಡಿ. ನೈಸರ್ಗಿಕ ಸೋಪಿನ ಮೇಲೆ ಪ್ರೀತಿ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ. ಆ ನೀರಿನಲ್ಲಿ ಎಷ್ಟೇ ಒಳ್ಳೆಯ ಸೋಪು ಬಳಸಿದರೂ ಕಿಟ್ಟ ಕಟ್ಟಿಯೇ ಕಟ್ಟುತ್ತದೆ. ಕೊಬ್ಬರಿಯಿಂದ ಪಡೆದ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್‌ನಂಥ ಮೃದು ಮಾರ್ಜಕಗಳಿಂದ ಮಾಡಿದ ಶಾಂಪೂ ಗಟ್ಟಿಗಳು ಸಿಗುತ್ತವೆ. ನೋಡಲು ಸೋಪಿನ ಹಾಗೇ ಇರುತ್ತವೆ, ಆದರೆ ಗಡಸು ನೀರಿನಲ್ಲಿ ಅಂಥ ಕಿಟ್ಟ ಕಟ್ಟುವುದಿಲ್ಲ. ಅವುಗಳಲ್ಲೂ ಬೆಣ್ಣೆ, ಮೇಣ ಸೇರಿಲ್ಲ ಅಂತ ನೋಡಿಕೊಳ್ಳಿ.

ನೀರು ಅಷ್ಟೇನೂ ಗಡಸಿಲ್ಲ ಅಂದರೆ ದಾರಿ ಇದೆ. ತೊಳೆಯುವುದಕ್ಕೂ ಮೊದಲ ಸಲ ಜಾಲಿಸುವುದಕ್ಕೂ ಮಳೆ ನೀರನ್ನೋ ಡಿಸ್ಟಿಲ್ಡ್ ನೀರನ್ನೋ ಬಳಸಿ. ಸೋಪು ಬಹುಪಾಲು ಹೋದ ಮೇಲೆ ನಲ್ಲಿ ನೀರು ಹಾಕಿದರೆ ಅಷ್ಟು ತೊಂದರೆ ಇಲ್ಲ. ಸೋಡಿಯಂ ಸಿಟ್ರೇಟ್ ಅಂತ ಹಿಂಭಾಗದಲ್ಲಿ ಬರೆದಿರುವ ಸೋಪನ್ನು ಆರಿಸಿ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಕಿಟ್ಟವನ್ನು ಕಡಿಮೆ ಮಾಡುತ್ತದೆ.

ಒಂದು ಸೋಪು ಕೊಳೆ ಉಳಿಸುತ್ತದಾ ಇಲ್ವಾ ಅಂತ ತಲೆಗೆ ಹಾಕುವ ಮೊದಲೇ ತಿಳಿಯಬಹುದಾ?

ತಿಳಿಯಬಹುದು. ಒಂದು ಗಾಜಿನ ಹಲಗೆ ಅಥವಾ ಹಳೆಯ ಕನ್ನಡಿ ತೆಗೆದುಕೊಳ್ಳಿ. ಅರ್ಧ ಭಾಗಕ್ಕೆ ಸೋಪಿನ ನೊರೆ ಸವರಿ. ಇನ್ನರ್ಧಕ್ಕೆ ಬರೀ ನೀರು. ಎರಡನ್ನೂ ನಿಮ್ಮ ಮನೆಯ ನಲ್ಲಿ ನೀರಿನಲ್ಲೇ ಜಾಲಿಸಿ, ಒರೆಸದೆ ನಿಲ್ಲಿಸಿ ಒಣಗಲು ಬಿಡಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ನೊರೆ ಸವರಿದ ಕಡೆ ಮಸುಕು ಪೊರೆ ಕಂಡರೆ, ಬೆರಳಾಡಿಸಿದಾಗ ಜಾರಿದರೆ, ಆ ಸೋಪು ಬೇಡ. ಬರೀ ನೀರಿನ ಅರ್ಧ ಯಾಕೆ ಅಂದರೆ, ಗಡಸು ನೀರು ತಾನಾಗಿಯೇ ಕಲೆ ಬಿಡುತ್ತದೆ. ಆ ತಪ್ಪನ್ನು ಸೋಪಿನ ಮೇಲೆ ಹೊರಿಸಬಾರದಲ್ಲ.

ತೊಳೆಯುವ ಸರಿಯಾದ ಕ್ರಮ ಯಾವುದು?

ಮೊದಲು ಜಟೆ ಪೂರ್ತಿ ನೆನೆಯಬೇಕು. ಮೇಲೆ ಸುರಿದ ನೀರು ದಪ್ಪ ಜಟೆಯ ಒಳಗೆ ತಕ್ಷಣ ಇಳಿಯುವುದಿಲ್ಲ. ಉಗುರುಬೆಚ್ಚಗಿನ ನೀರು ಹಾಕುತ್ತಾ ಒಂದೊಂದನ್ನೇ ಅಂಗೈಯಲ್ಲಿ ಒತ್ತಿ ಬಿಡಿ. ಒತ್ತಿದಾಗ ಗಾಳಿಯ ಗುಳ್ಳೆ ಬರುವುದು ನಿಂತರೆ ನೆನೆದಿದೆ ಅಂತ ಅರ್ಥ.

ಸೋಪಿನ ಗಟ್ಟಿಯನ್ನು ನೇರವಾಗಿ ಜಟೆಗೆ ಉಜ್ಜಬೇಡಿ. ಕರಗದ ಚೂರುಗಳು ಒಳಗೆ ಸಿಕ್ಕಿಕೊಳ್ಳುತ್ತವೆ, ಮೇಲಿನ ಕೂದಲೂ ಕೆದರುತ್ತದೆ. ಕೈಯಲ್ಲಿ ನೊರೆ ಮಾಡಿಕೊಂಡು ಹಚ್ಚಿ. ಇನ್ನೂ ಒಳ್ಳೆಯದು ಅಂದರೆ, 10 ಗ್ರಾಂನಷ್ಟು ಸೋಪನ್ನು ತುರಿದು 250 ಮಿಲಿ ಬಿಸಿ ನೀರಿನಲ್ಲಿ ಪೂರ್ತಿ ಕರಗಿಸಿ, ಆರಿದ ಮೇಲೆ ಮೂತಿ ಇರುವ ಬಾಟಲಿಗೆ ತುಂಬಿಕೊಳ್ಳಿ. ಮೂತಿಯಿಂದ ಬುಡಕ್ಕೇ ಬಿಡಬಹುದು. ಇದನ್ನು ಅಂದಂದಿಗೆ ಮಾಡಿಕೊಳ್ಳಿ, ಕೆಡದಂತೆ ಏನೂ ಹಾಕಿಲ್ಲವಲ್ಲ.

ಸೋಪು ಬೇಕಾಗಿರುವುದು ನೆತ್ತಿಗೆ. ಜಟೆಗಳ ನಡುವಿನ ಜಾಗವನ್ನು ಬೆರಳಿನಿಂದ ಬಿಡಿಸಿ, ಬೆರಳ ತುದಿಯ ಮೆತ್ತನೆಯ ಭಾಗದಿಂದ ಮಸಾಜ್ ಮಾಡಿ. ಉಗುರು ಬೇಡ. ಬುಡದ ಕೂದಲನ್ನು ಗರಗರ ತಿರುಗಿಸಿ ಉಜ್ಜಿದರೆ ಪಕ್ಕದ ಜಟೆಗಳು ಒಂದಕ್ಕೊಂದು ಅಂಟಿ ಬೆಳೆಯುತ್ತವೆ, ಆದ್ದರಿಂದ ಬೆರಳನ್ನು ಚಿಕ್ಕದಾಗಿ ಹಿಂದೆ ಮುಂದೆ ಆಡಿಸಿ. ಕೆಳಗಿಳಿದು ಬರುವ ನೊರೆಯನ್ನೇ ಜಟೆಯ ಉದ್ದಕ್ಕೂ ಒತ್ತಿದರೆ ಸಾಕು, ಬೇರೆ ಸೋಪು ಬೇಡ.

ಇನ್ನು ಜಾಲಿಸುವುದು. ಸೋಪು ಹಚ್ಚಲು ತೆಗೆದುಕೊಂಡ ಸಮಯದ ಎರಡರಷ್ಟಾದರೂ ಇದಕ್ಕೆ ಕೊಡಿ. ಮೇಲಿನಿಂದ ನೀರು ಹರಿಯಬಿಟ್ಟು ಒಂದೊಂದು ಜಟೆಯನ್ನೂ ಬುಡದಿಂದ ತುದಿಯವರೆಗೆ ಹಿಂಡುತ್ತಾ ಬನ್ನಿ. ಹಿಂಡಿದ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ. ಬೆಳ್ಳಗೆ ಮಬ್ಬಾಗಿದ್ದರೆ, ಬೆರಳ ನಡುವೆ ಜಾರುತ್ತಿದ್ದರೆ, ಸೋಪು ಇನ್ನೂ ಇದೆ. ಸುತ್ತಲಿನ ನೀರಿನಷ್ಟೇ ತಿಳಿಯಾಗಿ ಬರುವವರೆಗೂ ನಿಲ್ಲಿಸಬೇಡಿ. ಕತ್ತಿನ ಹಿಂದಿನ ಜಟೆಗಳಲ್ಲಿ ಸೋಪು ಉಳಿಯುವುದು ಜಾಸ್ತಿ. ಕಣ್ಣಿಗೆ ಕಾಣದ ಜಾಗ, ಕೈಗೂ ದಣಿವಾಗಿರುತ್ತದೆ.

ಕೊನೆಯಲ್ಲಿ ವಿನೆಗರ್ ನೀರು ಹಾಕಬೇಕಾ?

ನಿಜವಾದ ಸೋಪು ಬಳಸಿದ್ದರೆ ಹಾಕುವುದು ಒಳ್ಳೆಯದು. ಸೋಪಿನ ಪಿಎಚ್ (ಹುಳಿ ಅಥವಾ ಕ್ಷಾರ ಎಷ್ಟು ಅನ್ನುವ ಅಳತೆ) ಸಾಮಾನ್ಯವಾಗಿ 9 ರಿಂದ 10. ನೆತ್ತಿಯದು ಸುಮಾರು 5.5. ಕ್ಷಾರ ತಾಗಿದಾಗ ಕೂದಲಿನ ಹೊರಪದರ ಸ್ವಲ್ಪ ಎದ್ದು ನಿಲ್ಲುತ್ತದೆ, ಹುಳಿ ನೀರು ಅದನ್ನು ಕೂರಿಸುತ್ತದೆ. ಒಂದು ಲೀಟರ್ ನೀರಿಗೆ ಒಂದೆರಡು ದೊಡ್ಡ ಚಮಚ ಸಾದಾ ವಿನೆಗರ್ ಸಾಕು. ವಿನೆಗರ್ ವಾಸನೆ ಆಗದವರು ಲೀಟರಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕಿಕೊಳ್ಳಬಹುದು. ಕಣ್ಣಿಗೆ ಹೋಗದ ಹಾಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ಸುರಿದು, ಒಂದು ನಿಮಿಷ ಬಿಟ್ಟು, ಮತ್ತೆ ನೀರು ಹಾಕಿ. ನೆತ್ತಿಯಲ್ಲಿ ಗಾಯ ಇದ್ದರೆ ಬೇಡ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಸೋಪು ಪೂರ್ತಿ ಹೋಗುವ ಮೊದಲು ವಿನೆಗರ್ ಸುರಿಯಬಾರದು. ಹುಳಿ ತಾಗಿದರೆ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲ ಆಗುತ್ತದೆ. ಅದು ಜಿಡ್ಡು ಜಿಡ್ಡಾದ ಬಿಳಿ ಗಸಿ. "ವಿನೆಗರ್ ಹಾಕಿದ ಮೇಲೆ ಜಟೆ ಇನ್ನೂ ಅಂಟಾಯಿತು" ಅನ್ನುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇದೇ. ಇದೇ ಕಾರಣಕ್ಕೆ, "ಪಿಎಚ್ 5.5 ಇರುವ ಸೋಪು" ಅಂತ ಬರೆದಿದ್ದರೆ ಅದು ಎಣ್ಣೆ ಮತ್ತು ಕ್ಷಾರದ ಸೋಪಲ್ಲ ಅಂತ ತಿಳಿದುಕೊಳ್ಳಿ. ಅಷ್ಟು ಹುಳಿಯಲ್ಲಿ ಸೋಪು ಸೋಪಾಗಿ ಉಳಿಯುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ನೆತ್ತಿಯನ್ನು ಕೇಳಿ ನೋಡಿ. ಜಿಡ್ಡು ಬೇಗ ಬರುವ ನೇರ ಕೂದಲಿನವರಿಗೆ ವಾರಕ್ಕೊಮ್ಮೆ ಬೇಕಾಗುತ್ತದೆ. ಬಹಳ ಗುಂಗುರು, ಒಣ ಕೂದಲಿನವರಿಗೆ ಎರಡು ವಾರಕ್ಕೊಮ್ಮೆ ಸಾಕಾಗಬಹುದು. ತುರಿಕೆ, ವಾಸನೆ, ಬೆರಳಿಗೆ ಜಿಡ್ಡು, ಇವುಗಳಲ್ಲಿ ಯಾವುದು ಶುರುವಾದರೂ ಹೊತ್ತಾಗಿದೆ. ವ್ಯಾಯಾಮ ಮಾಡಿ ಬೆವರಿದ ದಿನ ಸೋಪು ಬೇಡ, ಬರೀ ನೀರಿನಲ್ಲಿ ನೆತ್ತಿ ತೊಳೆದುಕೊಳ್ಳಿ.

ಒಣಗಿಸುವುದು ಹೇಗೆ? ಮುಗ್ಗಲು ವಾಸನೆ ಬರುತ್ತಿದೆ.

ತೊಳೆಯುವುದಕ್ಕಿಂತ ಒಣಗಿಸುವುದರಲ್ಲೇ ಜಟೆ ಕೆಡುವುದು ಜಾಸ್ತಿ. ಹೊರಗೆ ಒಣಗಿದಂತೆ ಕಂಡರೂ ನಡುವೆ ಗಂಟೆಗಟ್ಟಲೆ ತೇವ ಇರುತ್ತದೆ. ಬಹಳ ದಪ್ಪ ಜಟೆಗೆ ಇಡೀ ದಿನ ಬೇಕಾಗಬಹುದು. ಹಾಗಾಗಿ ಬೆಳಿಗ್ಗೆಯೇ ತೊಳೆಯಿರಿ. ಒಣ ಟವೆಲಿನಲ್ಲಿ ಮೂರು ನಾಲ್ಕು ಜಟೆಗಳನ್ನು ಒಟ್ಟಿಗೆ ಸುತ್ತಿ ಬಲವಾಗಿ ಒತ್ತಿ, ಟವೆಲು ನೆಂದರೆ ಬದಲಿಸಿ. ಆಮೇಲೆ ಬಿಚ್ಚಿ ಗಾಳಿಗೆ ಬಿಡಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಬುಡಕ್ಕೆ ಹಿಡಿಯಿರಿ. ಒದ್ದೆ ಜಟೆಯನ್ನು ಗಂಟು ಕಟ್ಟುವುದು, ಟೋಪಿ ಹಾಕುವುದು, ಹಾಗೇ ಮಲಗುವುದು, ಈ ಮೂರೂ ಬೇಡವೇ ಬೇಡ.

ಒಣಗಿದ ಮೇಲೂ ಮುಗ್ಗಲು ವಾಸನೆ ಹೋಗದಿದ್ದರೆ ಒಳಗೆ ಬೂಷ್ಟು ಹಿಡಿದಿರಬಹುದು. ವಿನೆಗರ್ ಬೆರೆಸಿದ ನೀರಿನಲ್ಲಿ ಜಟೆಗಳನ್ನು 15 ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ ನೋಡಿ. ಎರಡು ಮೂರು ಸಲ ಮಾಡಿದರೂ ವಾಸನೆ ಇದ್ದರೆ, ಒಳಗೆ ಕಪ್ಪು ಅಥವಾ ಬೂದು ಕಲೆ ಕಂಡರೆ, ಆ ಭಾಗವನ್ನು ಕತ್ತರಿಸುವುದೇ ಸರಿ. ಬೇಜಾರಾಗುತ್ತದೆ, ಗೊತ್ತು. ವರ್ಷಗಟ್ಟಲೆ ಬೆಳೆಸಿದ್ದಲ್ವಾ. ಆದರೂ ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ.

ಒಳಗೆ ಸೇರಿದ ಹಳೆಯ ಕಿಟ್ಟ ತೆಗೆಯಲು ಅಡುಗೆ ಸೋಡಾ ಬಳಸಬಹುದಾ?

ವರ್ಷಕ್ಕೆ ಎರಡು ಮೂರು ಸಲ, ಅಷ್ಟೇ. ದೊಡ್ಡ ಬೋಗುಣಿ ಬೆಚ್ಚಗಿನ ನೀರಿಗೆ ಕಾಲು ಕಪ್ ಅಡುಗೆ ಸೋಡಾ ಕರಗಿಸಿ, ಜಟೆಗಳನ್ನು ಮಾತ್ರ 10 ರಿಂದ 15 ನಿಮಿಷ ಅದ್ದಿ. ನೆತ್ತಿಗೆ ತಾಗುವುದು ಬೇಡ. ಚೆನ್ನಾಗಿ ಜಾಲಿಸಿದ ಮೇಲೆ ವಿನೆಗರ್ ನೀರು ಹಾಕಿ, ಮತ್ತೆ ಜಾಲಿಸಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಬುರುಬುರು ನೊರೆ ಬರುತ್ತದೆ, ಒಂದು ಇನ್ನೊಂದನ್ನು ಕೊಂದುಹಾಕುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಬಟ್ಟೆ ಒಗೆಯುವ ಸೋಡಾ ಬೇರೆ ವಸ್ತು. ಅದರ ಕ್ಷಾರ ಬಹಳ ಜೋರು, ಕೂದಲ ಹತ್ತಿರ ತರಬೇಡಿ.

ಅಂಟುವಾಳ, ಸೀಗೆಕಾಯಿ?

ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಇದೆ, ಮತ್ತು ಸೋಪಿನ ಹಾಗೆ ಕ್ಷಾರ ಅಲ್ಲ. ಆದರೆ ಪುಡಿಯನ್ನು ಕಲಸಿ ಜಟೆಗೆ ಹಚ್ಚಬೇಡಿ, ಅದು ಹೊರಗೆ ಬರುವುದೇ ಇಲ್ಲ. ಕಾಯಿಯನ್ನು ನೀರಿನಲ್ಲಿ ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ತಿಳಿ ನೀರನ್ನು ಮಾತ್ರ ಬಳಸಿ. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ, ಜೋಪಾನ.

ತಲೆಹೊಟ್ಟಿಗೆ ಸೋಪು ಬದಲಿಸಿದರೆ ಸಾಕಾ?

ಕೆಲವು ಸಲ ಹೊಟ್ಟಿನಂತೆ ಕಾಣುವುದು ಒಣಗಿದ ಸೋಪಿನ ಕಿಟ್ಟ. ಅದಾದರೆ ಸಾಕು. ನಿಜವಾದ ತಲೆಹೊಟ್ಟಿನ ಹಿಂದೆ ಮಲಸೇಜಿಯಾ ಅನ್ನುವ ಶಿಲೀಂಧ್ರ ಇರುತ್ತದೆ, ನೆತ್ತಿಯ ಜಿಡ್ಡೇ ಅದರ ಆಹಾರ. ಅದಕ್ಕೆ ಎಣ್ಣೆ ಹಚ್ಚಿದರೆ ಇನ್ನೂ ಹೆಚ್ಚುತ್ತದೆ. ಕೀಟೋಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ನೀರಿನಲ್ಲಿ ತೆಳುಮಾಡಿ ನೆತ್ತಿಗೆ ಮಾತ್ರ ಬಿಡಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಇಟ್ಟು ಜಾಲಿಸಿ. ನೈಸರ್ಗಿಕ ಅಲ್ಲ ಅನ್ನುವ ಒಂದೇ ಕಾರಣಕ್ಕೆ ನೆತ್ತಿಯನ್ನು ನರಳಿಸಬೇಡಿ. ಕೆಂಪಾಗಿ ಊದಿದ್ದರೆ, ಕೀವು ಇದ್ದರೆ, ಕೂದಲು ಬುಡದಿಂದ ಉದುರುತ್ತಿದ್ದರೆ ಚರ್ಮದ ವೈದ್ಯರ ಬಳಿ ಹೋಗಿ.

ಸುವಾಸನೆಯ ಎಣ್ಣೆ ಇರುವ ಸೋಪು ಆಗಬಹುದಾ?

ಸ್ವಲ್ಪ ಇದ್ದರೆ ತೊಂದರೆ ಇಲ್ಲ. ಟೀ ಟ್ರೀ, ಪುದೀನ, ರೋಸ್ಮರಿ ಎಣ್ಣೆಗಳನ್ನು ಬಾಟಲಿಯಿಂದ ನೇರ ನೆತ್ತಿಗೆ ಹಾಕಬೇಡಿ, ಚರ್ಮ ಸುಡಬಹುದು, ಅಲರ್ಜಿಯೂ ಆಗಬಹುದು.

ಬಣ್ಣ ಹಾಕಿದ ಜಟೆ, ಉಣ್ಣೆ ಸೇರಿಸಿದ ಜಟೆಗೆ?

ಸೋಪಿನ ಕ್ಷಾರಕ್ಕೆ ಬಣ್ಣ ಬೇಗ ಮಾಸುತ್ತದೆ. ತಿಳಿ ಶಾಂಪೂ ಮೇಲು. ಉಣ್ಣೆಗೆ ಬಿಸಿ ನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಮೆತ್ತಗೆ ತೊಳೆಯಿರಿ.

ಈಜುಕೊಳಕ್ಕೆ ಹೋಗುವ ಮೊದಲು ಏನಾದರೂ ಮಾಡಬೇಕಾ?

ಜಟೆಯನ್ನು ಶುದ್ಧ ನೀರಿನಲ್ಲಿ ಪೂರ್ತಿ ನೆನೆಸಿಕೊಂಡು ಇಳಿಯಿರಿ. ಮೊದಲೇ ನೀರು ಕುಡಿದ ಜಟೆ ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಹೊರಗೆ ಬಂದ ಕೂಡಲೇ ಮತ್ತೆ ಜಾಲಿಸಿ.

ಹೊಸ ಸೋಪು ಸರಿಹೋಗುತ್ತದಾ ಅಂತ ಎಷ್ಟು ಸಲ ನೋಡಬೇಕು?

ಇಡೀ ತಲೆಗೆ ಒಮ್ಮೆಲೇ ಹಾಕಬೇಡಿ. ಹಿಂಭಾಗದಲ್ಲಿ ಒಂದು ಜಟೆ ಆರಿಸಿಕೊಂಡು ನಾಲ್ಕು ತೊಳೆತ ಅದಕ್ಕೆ ಮಾತ್ರ ಹೊಸ ಸೋಪು ಬಳಸಿ. ಪ್ರತಿ ಸಲ ಪೂರ್ತಿ ಒಣಗಿದ ಮೇಲೆ ಪಕ್ಕದ ಜಟೆಯ ಜೊತೆ ಹೋಲಿಸಿ. ಹಿಸುಕಿ ನೋಡಿ, ಮೂಸಿ ನೋಡಿ, ಕಪ್ಪು ಬಟ್ಟೆಯ ಮೇಲೆ ಕೊಡವಿ ನೋಡಿ. ಹಗುರವಾಗಿದೆ, ಬೆರಳಿಗೆ ಅಂಟಿಲ್ಲ, ಬಟ್ಟೆಯ ಮೇಲೆ ಪುಡಿ ಬಿದ್ದಿಲ್ಲ ಅಂದರೆ ಉಳಿದ ಜಟೆಗಳಿಗೂ ಶುರು ಮಾಡಿ. ಭಾರ ಅನ್ನಿಸಿದರೆ ಆ ಗಟ್ಟಿಯನ್ನು ಕೈ ತೊಳೆಯುವ ಜಾಗದಲ್ಲಿ ಇಟ್ಟು, ಬೇರೆ ಸೋಪಿನ ಹಿಂಭಾಗ ಓದಲು ಶುರು ಮಾಡಿ.